ಹೆರಿಗೆ ರಜೆ ಮುಗಿದ ಮೇಲೆ, ಅಂಗನವಾಡಿ ಸೇರುವ ಮೊದಲು

ಸಂಘಟಿತ ವಲಯದಲ್ಲಿ ದುಡಿಯುವ ತಾಯಿಗೆ ಭಾರತದ ಕಾನೂನು ಮೊದಲ ಎರಡು ಹೆರಿಗೆಗಳಿಗೆ ಕೊಡುವ ಸಂಬಳಸಹಿತ ರಜೆ 26 ವಾರ. ಮಗು ಅಂಗನವಾಡಿಗೆ ಹೋಗಿ ದಿನದ ಕೆಲವು ಗಂಟೆ ಕುಳಿತು ಆಡಿ ಕಲಿಯಲು ಅರ್ಹವಾಗುವುದು ಮೂರು ವರ್ಷ ತುಂಬಿದ ಮೇಲೆ. ಈ ಎರಡರ ನಡುವೆ ಉಳಿಯುವ ಸುಮಾರು ಎರಡೂವರೆ ವರ್ಷ ಮಗುವನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆಯನ್ನು ಸರ್ಕಾರದ ಯೋಜನೆಗಳು ಬಹುಕಾಲ ಮನೆಯವರ ಪಾಲಿಗೆ ಬಿಟ್ಟಿದ್ದವು. ಮನೆಯವರೆಂದರೆ ಅತ್ತೆ, ಅಜ್ಜಿ, ಇಲ್ಲವೇ ಶಾಲೆಗೆ ಹೋಗಬೇಕಾದ ವಯಸ್ಸಿನ ಅಕ್ಕ. ಹೊಲ, ಗಾರೆ ಕೆಲಸ, ಮನೆಗೆಲಸದಂಥ ಅಸಂಘಟಿತ ದುಡಿಮೆಯಲ್ಲಿರುವ ತಾಯಂದಿರಿಗಂತೂ ಆ 26 ವಾರಗಳ ಆಸರೆಯೂ ಇಲ್ಲದಿರುವುದರಿಂದ ಅವರ ಪಾಲಿನ ಕಂದಕ ಹೆರಿಗೆಯ ಮರುದಿನದಿಂದಲೇ ಶುರುವಾಗುತ್ತದೆ. ಈ ಕಂದಕವನ್ನು ಸಾಮಾನ್ಯವಾಗಿ ಮಹಿಳಾ ಮತ್ತು ಮಕ್ಕಳ ಕಲ್ಯಾಣದ ವಿಷಯವೆಂದು ಪರಿಗಣಿಸಲಾಗುತ್ತದೆಯಾದರೂ, ಅದು ಮೂಲತಃ ಕೂಲಿಯ ಮತ್ತು ಕುಟುಂಬದ ಬಡತನದ ವಿಷಯ.

ಬಡ ಕುಟುಂಬದ ಆರ್ಥಿಕ ಸ್ಥಿತಿಯನ್ನು ನಿರ್ಧರಿಸುವುದು ದುಡಿಯುವ ಕೈಗಳಿಗೂ ಉಣ್ಣುವ ಬಾಯಿಗಳಿಗೂ ಇರುವ ಲೆಕ್ಕ. ಮಗು ಹುಟ್ಟಿದಾಗ ಬಾಯಿ ಒಂದು ಹೆಚ್ಚುತ್ತದೆ, ತಾಯಿ ಕೆಲಸ ಬಿಟ್ಟರೆ ಕೈಯೂ ಒಂದು ಕಡಿಮೆಯಾಗುತ್ತದೆ. ಇಬ್ಬರ ಸಂಪಾದನೆಯನ್ನು ನಂಬಿ ಬಾಡಿಗೆ ಮನೆ ಹಿಡಿದ, ಸಂಘದ ಸಾಲದ ಕಂತು ಕಟ್ಟುತ್ತಿರುವ ಕುಟುಂಬದಲ್ಲಿ ಹೀಗೆ ಒಂದು ಸಂಬಳ ನಿಂತುಹೋದಾಗ ಕಂತು ನಿಲ್ಲುವುದಿಲ್ಲವಾದ್ದರಿಂದ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವ ಸರಪಳಿ ಬಹಳ ಸಲ ಈ ಹಂತದಲ್ಲಿಯೇ ಆರಂಭವಾಗುತ್ತದೆ. ನಷ್ಟ ಆ ಎರಡೂವರೆ ವರ್ಷಕ್ಕೆ ಮುಗಿಯುವುದೂ ಇಲ್ಲ. ಕೆಲಸ ಬಿಟ್ಟು ಮರಳಿ ಬಂದ ಹೆಂಗಸು ಹಳೆಯ ಸೇವಾವಧಿಯನ್ನು ಕಳೆದುಕೊಂಡು ಹೊಸಬಳಾಗಿ ಸೇರುತ್ತಾಳೆ, ಇಲ್ಲವೇ ಕಡಿಮೆ ಕೂಲಿಯ, ಮನೆಯ ಹತ್ತಿರದ ಕೆಲಸಕ್ಕೆ ಒಪ್ಪಿಕೊಳ್ಳುತ್ತಾಳೆ. ತಾಯ್ತನದ ಕಾರಣಕ್ಕೆ ಗಳಿಕೆಯಲ್ಲಿ ಬೀಳುವ ಈ ಶಾಶ್ವತ ಕಡಿತವನ್ನು ಅರ್ಥಶಾಸ್ತ್ರಜ್ಞರು ‘ಮಾತೃತ್ವದ ದಂಡ’ ಎನ್ನುತ್ತಾರೆ. ಹೆಣ್ಣುಗಂಡುಗಳ ಗಳಿಕೆಯ ಅಂತರಕ್ಕೆ ಮಕ್ಕಳ ಆಗಮನ ಹೇಗೆ ಕಾರಣವಾಗುತ್ತದೆಂಬುದನ್ನು ಅಮೆರಿಕದ ಎರಡು ಶತಮಾನಗಳ ದಾಖಲೆಗಳಿಂದ ತೋರಿಸಿದ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಭಾರತದಲ್ಲಿ ಈ ದಂಡದ ಒಂದು ಪಾಲನ್ನು ತಾಯಿಯಷ್ಟೇ ಅಲ್ಲ, ತಮ್ಮನನ್ನೋ ತಂಗಿಯನ್ನೋ ಎತ್ತಿಕೊಳ್ಳುವ ಸಲುವಾಗಿ ಶಾಲೆ ತಪ್ಪಿಸುವ ಹಿರಿಯ ಮಗಳೂ ಕಟ್ಟುತ್ತಾಳೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕಾಗಿ ವ್ಯಯಿಸುತ್ತಿದ್ದರು. ಮನೆಯವರ ಆರೈಕೆಯಲ್ಲಿ ತೊಡಗಿದವರ ಸಮಯ ಕ್ರಮವಾಗಿ 134 ಮತ್ತು 76 ನಿಮಿಷ. ಸಮೀಕ್ಷೆಯಲ್ಲಿ ಆರು ವರ್ಷ ಮೇಲ್ಪಟ್ಟ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ ಈ ಸರಾಸರಿಯೊಳಗೆ ಬಾಲಕಿಯರ ದುಡಿಮೆಯೂ ಸೇರಿದೆ ಎಂಬುದನ್ನು ಮರೆಯಬಾರದು.

ಕರ್ನಾಟಕದಲ್ಲಿ ಈ ಸಮಸ್ಯೆಯನ್ನು ಅತ್ಯಂತ ಸ್ಪಷ್ಟವಾಗಿ ಕಾಣಬಹುದಾದ ಜಾಗ ಸಿದ್ಧ ಉಡುಪು ಕಾರ್ಖಾನೆಗಳು, ಅಂದರೆ ಜನರ ಬಾಯಲ್ಲಿ ‘ಗಾರ್ಮೆಂಟ್ಸ್’. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳಿಂದ ಹಿಡಿದು ದೊಡ್ಡಬಳ್ಳಾಪುರ, ರಾಮನಗರ, ಮದ್ದೂರಿನವರೆಗೆ ಹರಡಿರುವ ಈ ಉದ್ಯಮದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು ಬಹುಪಾಲು ಹೆಂಗಸರು, ಅವರಲ್ಲಿ ಹೆಚ್ಚಿನವರು ಹೆರುವ ವಯಸ್ಸಿನವರು. ಇವರಿಗಾಗಿ ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯ 48ನೆಯ ಕಲಮು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ಹೇಳಿತು. ಮೊದಲು ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿದ್ದರೆ ಎಂದಿದ್ದ ಷರತ್ತನ್ನು 1976ರ ತಿದ್ದುಪಡಿ ಮೂವತ್ತಕ್ಕೆ ಇಳಿಸಿತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಯಾವುದೇ ಸಂಸ್ಥೆಗೂ ಈ ಹೊಣೆಯನ್ನು ವಿಸ್ತರಿಸಿ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದೆಂದೂ ಸೇರಿಸಿತು. ಅದರ ಬೆನ್ನಿಗೆ ಬಂದ ಕೇಂದ್ರದ ಮಾರ್ಗಸೂಚಿ ಶಿಶುಪಾಲನಾ ಕೇಂದ್ರ ಕೆಲಸದ ಜಾಗದಿಂದಲೋ ಮನೆಯಿಂದಲೋ 500 ಮೀಟರ್ ಒಳಗಿರಬೇಕೆಂದಿತು.

ಕಾಗದದ ಮೇಲೆ ಇಷ್ಟೆಲ್ಲ ಇದ್ದೂ, ಕೊಠಡಿ ಇರುವ ಕಾರ್ಖಾನೆಗಳಲ್ಲಿಯೂ ತೊಟ್ಟಿಲು ಖಾಲಿ ಬಿದ್ದಿರುವುದುಂಟು. ಅದನ್ನು ನೋಡಿದ ಆಡಳಿತ ವರ್ಗ ಕಾರ್ಮಿಕರಿಗೆ ಈ ಸೌಲಭ್ಯ ಬೇಕಿಲ್ಲವೆಂಬ ತೀರ್ಮಾನಕ್ಕೆ ಬರುವುದು ಸುಲಭವಾದರೂ ಅದು ಅವಸರದ ತೀರ್ಮಾನ. ಬೆಳಿಗ್ಗೆ ಗೇಟು ಮುಚ್ಚುವ ಮೊದಲೇ ಒಳಗಿರಬೇಕಾದ ತಾಯಿ ಹತ್ತು ತಿಂಗಳ ಮಗುವನ್ನು, ಅದರ ಹಾಲಿನ ಬಾಟಲಿಯನ್ನು, ಬದಲಿ ಬಟ್ಟೆಯನ್ನು ಹೊತ್ತು ತುಂಬಿದ ಬಸ್ಸಿನಲ್ಲಿ ಅಥವಾ ಹಳ್ಳಿಗಳಿಂದ ಆಳುಗಳನ್ನು ಕರೆತರುವ ಟೆಂಪೊದಲ್ಲಿ ನಿಂತು ಒಂದು ಗಂಟೆ ಪ್ರಯಾಣ ಮಾಡಬೇಕಾಗುತ್ತದೆ. ಒಳಗೆ ಹೋದ ಮೇಲೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡುವ ಹಕ್ಕು, ಗಂಟೆಗೆ ಇಂತಿಷ್ಟು ಪೀಸು ಎಂದು ಗೊತ್ತುಮಾಡಿದ ಟಾರ್ಗೆಟ್ಟಿನ ಮುಂದೆ ಸೋಲುತ್ತದೆ. ಒಬ್ಬಳು ಎದ್ದರೆ ಅವಳ ಹಿಂದಿನ ಯಂತ್ರದಲ್ಲಿ ಬಟ್ಟೆ ರಾಶಿಯಾಗುವ, ಮುಂದಿನದು ಖಾಲಿ ನಿಲ್ಲುವ ಸಾಲು ವ್ಯವಸ್ಥೆಯಲ್ಲಿ ಸೂಪರ್‌ವೈಸರ್‌ನ ಬೈಗುಳಕ್ಕೆ ಗುರಿಯಾಗದೆ ನಾಲ್ಕು ಸಲ ಏಳುವುದು ಸಾಧ್ಯವಿಲ್ಲ. ಅಂದ ಮೇಲೆ ಕೆಲವರು ಮಗುವನ್ನು ಊರಿನಲ್ಲಿ ತಾಯಿಯ ಬಳಿ ಬಿಟ್ಟು ತಿಂಗಳಿಗೊಮ್ಮೆ ನೋಡಿ ಬರುತ್ತಾರೆ, ಕೆಲವರು ರಾಜೀನಾಮೆ ಕೊಟ್ಟು ಭವಿಷ್ಯನಿಧಿಯ ಹಣ ಬಿಡಿಸಿಕೊಂಡು ಮನೆಯಲ್ಲಿ ಉಳಿಯುತ್ತಾರೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂಬ ನಿಯಮವನ್ನು ವಿರೋಧಿಸಿ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಾಗ, ಮುಪ್ಪಿಗೆಂದು ಕೂಡಿಟ್ಟ ಹಣಕ್ಕೆ ಇಷ್ಟೇಕೆ ಆತುರ ಎಂದು ಹಲವರು ಅಚ್ಚರಿಪಟ್ಟಿದ್ದರು. ಹೆರಿಗೆ, ಮಗುವಿನ ಶುಶ್ರೂಷೆ, ಶಾಲೆಯ ಶುಲ್ಕಗಳಿಗಾಗಿ ಕೆಲಸ ಬಿಟ್ಟು ಸೇರುತ್ತಲೇ ಇರಬೇಕಾದ ಹೆಣ್ಣಿಗೆ ಆ ನಿಧಿ ಪಿಂಚಣಿಯಾಗಿರದೆ, ಇಲ್ಲದ ಸೌಲಭ್ಯಗಳಿಗೆ ಬದಲಿಯಾಗಿತ್ತು ಎಂಬುದನ್ನು ತಿಳಿದರೆ ಅಚ್ಚರಿ ಉಳಿಯುವುದಿಲ್ಲ. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಕೆಲಸ ಬಿಡಬೇಕಾಗುವ ಕಾರಣ ಮಾತ್ರ ಹಾಗೆಯೇ ಉಳಿಯಿತು.

ಕಾನೂನಿನ ರಚನೆಯಲ್ಲೇ ಇರುವ ಒಂದು ದೋಷವನ್ನು ಇಲ್ಲಿ ಬಿಡಿಸಿ ನೋಡಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಕಾರ್ಮಿಕರಿಗೆ ಅನ್ವಯಿಸುವ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯವಸ್ಥೆಯಲ್ಲಿ, ಹೆರಿಗೆ ರಜೆಯ ಸಂಬಳವನ್ನು ಕೊಡುವುದು ಮಾಲೀಕನಲ್ಲ, ವಿಮಾ ನಿಧಿ. ಸಂಬಳದ ಮೇಲೆ ಮಾಲೀಕನ 3.25 ಶೇಕಡ ಮತ್ತು ಕಾರ್ಮಿಕರ 0.75 ಶೇಕಡ ವಂತಿಗೆಯಿಂದ ತುಂಬುವ ಈ ನಿಧಿಗೆ ಗಂಡಸರನ್ನೇ ಇಟ್ಟುಕೊಂಡ ಕಾರ್ಖಾನೆಯೂ ಹೆಂಗಸರನ್ನೇ ಇಟ್ಟುಕೊಂಡ ಕಾರ್ಖಾನೆಯೂ ಒಂದೇ ದರದಲ್ಲಿ ಕಟ್ಟುವುದರಿಂದ, ಬಸುರಿಯನ್ನು ಕೆಲಸಕ್ಕಿಟ್ಟುಕೊಂಡದ್ದಕ್ಕೆ ಯಾವ ಮಾಲೀಕನೂ ಹೆಚ್ಚು ತೆರಬೇಕಾಗುವುದಿಲ್ಲ. ಆದರೆ ಅದೇ ತಾಯಿ ಕೂಸಿನೊಡನೆ ಮರಳಿದಾಗ ಅದನ್ನು ನೋಡಿಕೊಳ್ಳುವ ಕೋಣೆ, ಆಯಾ, ಹಾಲು, ಆಟಿಕೆಗಳ ವೆಚ್ಚ ಪೂರ್ತಿಯಾಗಿ ಆ ಒಬ್ಬ ಮಾಲೀಕನ ತಲೆಗೆ ಬರುತ್ತದೆ. ಅದರಲ್ಲೂ ಮಹಿಳೆಯರ ತಲೆ ಎಣಿಸುವ ಹಳೆಯ ಕಾಯ್ದೆಗಳ ಅಡಿಯಲ್ಲಿ, ಮಿತಿಯ ಅಂಚಿನಲ್ಲಿ ನಿಂತ ಸಣ್ಣ ಕಾರ್ಖಾನೆಗೆ ಇನ್ನೊಬ್ಬ ಹೆಂಗಸನ್ನು ಸೇರಿಸಿಕೊಳ್ಳದಿರುವುದೇ ಲಾಭದಾಯಕವಾಗಿ ಕಂಡರೆ ಅದು ಕಾಯ್ದೆಯೇ ಕಲಿಸಿದ ಲೆಕ್ಕಾಚಾರ. 2020ರ ಕಾರ್ಮಿಕ ಸಂಹಿತೆಗಳು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಒಟ್ಟು ನೌಕರರನ್ನು ಎಣಿಸುವ ಪದ್ಧತಿಗೆ ಹೊರಳಿರುವುದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಮಿತಿಯ ಪ್ರಶ್ನೆಗೆ ಹೆಚ್ಚು ಜಾಣ ಉತ್ತರ ಕೊಟ್ಟದ್ದು, ಸ್ವಲ್ಪ ಆಶ್ಚರ್ಯಕರವಾಗಿ, ತೋಟ ಕಾರ್ಮಿಕರ ಕಾಯ್ದೆ. 1951ರ ಈ ಕಾಯ್ದೆ ಕೊಡಗು, ಚಿಕ್ಕಮಗಳೂರು, ಹಾಸನಗಳ ದೊಡ್ಡ ಕಾಫಿ ತೋಟಗಳಿಗೆ ಅನ್ವಯಿಸಿದ್ದು, ಐವತ್ತು ಮಹಿಳಾ ಕಾರ್ಮಿಕರಿದ್ದರೆ ಅಥವಾ ಅವರ ಮಕ್ಕಳ ಸಂಖ್ಯೆ ಇಪ್ಪತ್ತು ಮುಟ್ಟಿದರೆ ಶಿಶುಪಾಲನಾ ಕೇಂದ್ರ ಬೇಕೆಂದು ಹೇಳಿತು. ನೋಡಿಕೊಳ್ಳಬೇಕಾದದ್ದು ಮಕ್ಕಳನ್ನಾದ್ದರಿಂದ ಮಕ್ಕಳನ್ನೇ ಎಣಿಸುವುದು ಸಹಜವೆನಿಸಿದರೂ, ಕಾರ್ಖಾನೆ ಮತ್ತು ಹೆರಿಗೆ ಸೌಲಭ್ಯ ಕಾಯ್ದೆಗಳಿಗೆ ಅದು ಹೊಳೆದಿರಲಿಲ್ಲ. ಲೈನ್ ಮನೆಗಳಲ್ಲಿ ಕಾರ್ಮಿಕ ಕುಟುಂಬಗಳು ಕೆಲಸದ ಜಾಗದ ಪಕ್ಕದಲ್ಲೇ ವಾಸಿಸುತ್ತಿದ್ದುದರಿಂದ ಪ್ರಯಾಣದ ತೊಡಕೂ ಅಲ್ಲಿರಲಿಲ್ಲ. ಆದರೆ ಸಣ್ಣ ಬೆಳೆಗಾರರ ತೋಟಗಳಿಗೂ, ಹೊರಗಿನಿಂದ ಜೀಪಿನಲ್ಲಿ ಬಂದು ಹೋಗುವ ದಿನಗೂಲಿಯವರಿಗೂ ಇದರ ಪ್ರಯೋಜನ ಮುಟ್ಟಲಿಲ್ಲ.

ಬೀಡಿ ಉದ್ಯಮದ ಕಥೆ ಇದಕ್ಕೆ ತದ್ವಿರುದ್ಧ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲಿ ಶಿಶುಪಾಲನಾ ಕೊಠಡಿಯ ಕಲಮು ಇತ್ತು, ಆದರೆ ದಕ್ಷಿಣ ಕನ್ನಡದ ಬೀಡಿಯನ್ನು ಕಟ್ಟಿದವರು ಕಾರ್ಖಾನೆಯಲ್ಲಿ ಕುಳಿತವರಲ್ಲ. ಗುತ್ತಿಗೆದಾರನಿಂದ ಎಲೆ, ಹೊಗೆಸೊಪ್ಪು, ನೂಲು ತಂದು ಮನೆಯ ಜಗಲಿಯಲ್ಲಿ ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿಗೆ ಸುತ್ತಿದ ಹೆಂಗಸರು. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡೇ ದುಡಿಯಬಹುದೆಂಬುದು ಈ ಕೆಲಸದ ದೊಡ್ಡ ಆಕರ್ಷಣೆ ಎಂದು ಹೇಳಲಾಗುತ್ತದೆ. ಅದನ್ನು ಆಯ್ಕೆ ಎಂದು ಕರೆಯುವ ಮೊದಲು ಆ ತಾಯಿಯ ಮುಂದೆ ಬೇರೆ ಯಾವ ದಾರಿ ಇತ್ತೆಂದು ಕೇಳಬೇಕು, ಏಕೆಂದರೆ ಮಗುವಿನ ಸಲುವಾಗಿ ಮನೆ ಬಿಡಲಾಗದವಳು ಎಷ್ಟು ಕೊಟ್ಟರೂ ಒಪ್ಪುತ್ತಾಳೆಂಬುದು ಮಜೂರಿ ಗೊತ್ತುಮಾಡುವವರಿಗೆ ಚೆನ್ನಾಗಿ ತಿಳಿದಿರುತ್ತದೆ, ಮತ್ತು ಆ ಅಗ್ಗದ ದುಡಿಮೆಯ ಜೊತೆಗೆ ಹೊಗೆಸೊಪ್ಪಿನ ಧೂಳು ಕೂಸಿನ ಉಸಿರಿಗೂ ಸೇರುತ್ತಿರುತ್ತದೆ.

ಹಾಗಾದರೆ ಅಂಗನವಾಡಿಗಳು ಏನು ಮಾಡುತ್ತಿವೆ ಎಂಬ ಪ್ರಶ್ನೆ ಸಹಜ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿದ್ದು, ಮಗುವಿಗಾಗಿ ಇಷ್ಟು ಒಳಹಳ್ಳಿಗಳವರೆಗೆ ಹರಡಿದ ಇನ್ನೊಂದು ಸಂಸ್ಥೆ ಇಲ್ಲ. ಆದರೆ ಈ ಯೋಜನೆಯ ಮೂಲ ಉದ್ದೇಶ ಪೌಷ್ಟಿಕತೆ, ಚುಚ್ಚುಮದ್ದು ಮತ್ತು ಶಾಲಾಪೂರ್ವ ಶಿಕ್ಷಣವೇ ಹೊರತು ತಾಯಿಯ ದುಡಿಮೆಯ ಸಮಯಕ್ಕೆ ಹೊಂದುವ ಆರೈಕೆಯಲ್ಲ. ಮೂರು ವರ್ಷದೊಳಗಿನ ಮಗು ಅಂಗನವಾಡಿಯ ದಾಖಲೆಯಲ್ಲಿರುತ್ತದೆ, ಅದರ ತೂಕ ನೋಡಲಾಗುತ್ತದೆ, ಅದರ ಪಾಲಿನ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ, ಆದರೆ ಮಗು ದಿನವಿಡೀ ಅಲ್ಲಿರುವಂತಿಲ್ಲ. ದೊಡ್ಡ ಮಕ್ಕಳಿಗೂ ಸಂಜೆ ನಾಲ್ಕರ ಹೊತ್ತಿಗೆ ಬಾಗಿಲು ಮುಚ್ಚುವುದರಿಂದ ಐದೂವರೆಗೆ ಪಾಳಿ ಮುಗಿಸುವ ತಾಯಿಗೆ ಅದು ಅರ್ಧ ಪರಿಹಾರ. ಈಚೆಗೆ ಸಾರ್ವಜನಿಕ ಚರ್ಚೆಯೆಲ್ಲ ನಾಲ್ಕರಿಂದ ಆರು ವರ್ಷದ ಮಕ್ಕಳ ಸುತ್ತಲೇ ನಡೆದದ್ದನ್ನೂ ಗಮನಿಸಬೇಕು. ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರವನ್ನು ವಿರೋಧಿಸಿ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕುಳಿತಾಗ ಎರಡೂ ಕಡೆಯವರು ಯಾವ ಮಕ್ಕಳು ಯಾರ ಪಾಲು ಎಂದು ವಾದಿಸಿದರು. ಒಂದು ವರ್ಷದ ಕೂಸು ಯಾರ ಪಾಲಿಗೂ ಬರಲಿಲ್ಲ.

ಆ ಕೂಸಿಗೆ ಹೆಸರಿನಲ್ಲೇ ಜಾಗ ಕೊಟ್ಟ ಮೊದಲ ದೊಡ್ಡ ಪ್ರಯತ್ನವೆಂದರೆ 2023ರ ಜುಲೈನ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಲಾದ, 4,000 ಗ್ರಾಮ ಪಂಚಾಯತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವ ‘ಕೂಸಿನ ಮನೆ’ ಯೋಜನೆ. ಗ್ರಾಮೀಣ ಉದ್ಯೋಗ ಖಾತ್ರಿಯ ನರೇಗಾ ಕಾಯ್ದೆ, ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ತಾಯಂದಿರ ಜೊತೆ ಬಂದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದು ಮೊದಲಿಂದಲೂ ಹೇಳಿತ್ತು. ಆದರೆ ಕೆರೆ ಹೂಳೆತ್ತುವ ಬಯಲಿನಲ್ಲಿ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟುವುದಕ್ಕಿಂತ ಮುಂದೆ ಆ ಮಾತು ಹೆಚ್ಚಿನ ಕಡೆ ಹೋಗಿರಲಿಲ್ಲ. ಕೂಸಿನ ಮನೆ ಆ ವ್ಯವಸ್ಥೆಯನ್ನು ಬಯಲಿನಿಂದ ಸೂರಿನಡಿಗೆ, ಕೆಲಸದ ಜಾಗದಿಂದ ಊರೊಳಗಿನ ಸರ್ಕಾರಿ ಕಟ್ಟಡಕ್ಕೆ ತಂದಿತು. ಕೆಲಸದ ಜಾಗ ತಿಂಗಳಿಗೊಮ್ಮೆ ಬದಲಾದರೂ ಮಗುವಿನ ಜಾಗ ಬದಲಾಗಬೇಕಿಲ್ಲವೆಂಬ ಈ ತಿಳಿವಳಿಕೆಯೇ ಯೋಜನೆಯ ನಿಜವಾದ ಹೊಸತನ. ಮೂರು ವರ್ಷದೊಳಗಿನ ಮಕ್ಕಳಿಗೆ ಬಿಸಿ ಆಹಾರ, ನಿದ್ದೆ, ಆಟಗಳ ವ್ಯವಸ್ಥೆಯಿರುವ ಈ ಕೇಂದ್ರಗಳ ಆರೈಕೆದಾರರಿಗೆ ತರಬೇತಿ ಕೊಡುವಲ್ಲಿ ಕೈಜೋಡಿಸಿದ ಮೊಬೈಲ್ ಕ್ರೆಶಸ್ ಸಂಸ್ಥೆ, 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವಕ್ಕಾಗಿ ನಡೆಯುತ್ತಿದ್ದ ಕಟ್ಟಡ ಕಾಮಗಾರಿಯ ಕೂಲಿಕಾರರ ಮಕ್ಕಳಿಗಾಗಿ ಹುಟ್ಟಿಕೊಂಡದ್ದು.

ಯೋಜನೆಯ ದುರ್ಬಲ ಭಾಗವೂ ಅದು ನರೇಗಾವನ್ನು ಆಶ್ರಯಿಸಿದ್ದರಲ್ಲೇ ಇತ್ತು. ಆರೈಕೆದಾರರ ಕೂಲಿ ಅದೇ ಲೆಕ್ಕದಿಂದ ಬರುತ್ತಿದ್ದುದರಿಂದ, ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಎಂಬ ಮಿತಿ ಅವರಿಗೂ ಅನ್ವಯಿಸಿ, ಒಬ್ಬರ ದಿನಗಳು ಮುಗಿದ ಮೇಲೆ ಇನ್ನೊಬ್ಬರು ಎಂಬ ಸರದಿ ಅನಿವಾರ್ಯವಾಯಿತು. ಹೂಳೆತ್ತುವ ಕೆಲಸಕ್ಕೆ ಸರದಿ ಅಡ್ಡಿಯಲ್ಲ, ಒಂದು ವರ್ಷದ ಮಗುವಿಗೆ ಅಡ್ಡಿ. ಮೂರು ತಿಂಗಳಿಗೊಂದು ಹೊಸ ಮುಖ ಕಂಡು ಅಳುವ ಮಗುವಿನ ತಾಯಿ ನಾಲ್ಕನೆಯ ದಿನ ಅದನ್ನು ಮನೆಯಲ್ಲೇ ಉಳಿಸಿಕೊಂಡರೆ ಅವಳನ್ನು ದೂರುವಂತಿಲ್ಲ.

ಹಣದ ಲೆಕ್ಕವನ್ನೂ ಒಮ್ಮೆ ಮಾಡಬಹುದು. 2024-25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ, ನೂರು ದಿನಕ್ಕೆ 34,900. ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ಸಿಗುವ ತಿಂಗಳ 2,000 ರೂಪಾಯಿ ವರ್ಷಕ್ಕೆ 24,000. ಹಣ ಕೈಗೆ ಕೊಡುವುದು ಮೇಲೋ ಸೇವೆ ಕೊಡುವುದು ಮೇಲೋ ಎಂಬ ಹಳೆಯ ಜಗಳಕ್ಕೆ ಈ ಎರಡು ಅಂಕಿಗಳು ತೀರ್ಪು ಕೊಡುವುದಿಲ್ಲ; ಎರಡೂ ಬೇಕಾದ ಮನೆಗಳೇ ಹೆಚ್ಚು. ಆದರೆ ತಿಂಗಳಿಗೆ 2,000 ರೂಪಾಯಿಗೆ ಇಡೀ ದಿನ ಕೂಸನ್ನು ನಂಬಿಕೆಯಿಂದ ಬಿಡಬಹುದಾದ ಖಾಸಗಿ ಡೇ ಕೇರ್ ನಗರದಲ್ಲಿ ಸಿಗುವುದು ಕಷ್ಟ, ಹಳ್ಳಿಯಲ್ಲಿ ಅಂಥದ್ದೇ ಇಲ್ಲ. ಮಾರುಕಟ್ಟೆಯಲ್ಲಿ ಇಲ್ಲದ ವಸ್ತುವನ್ನು ಕೊಳ್ಳಲು ಕೊಟ್ಟ ಹಣ ಬೇರೆ ಖರ್ಚಿಗೆ ಹೋಗುತ್ತದೆ. 2023ರ ಜೂನ್‌ನಿಂದ ಜಾರಿಗೆ ಬಂದ ಶಕ್ತಿ ಯೋಜನೆ ಹೆಂಗಸರ ಬಸ್ ಪ್ರಯಾಣವನ್ನು ಉಚಿತಗೊಳಿಸಿ ದೂರದ ಕೆಲಸವನ್ನು ಕೈಗೆಟಕಿಸಿದಾಗ ಅದರ ಲಾಭ ಸಲೀಸಾಗಿ ದಕ್ಕಿದ್ದು ಮಗುವನ್ನು ಬಿಡಲು ಮನೆಯಲ್ಲಿ ಯಾರಾದರೂ ಇದ್ದವರಿಗೆ. ನೈರೋಬಿಯ ಕೊರೊಗೊಚೊ ಕೊಳೆಗೇರಿಯಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಮಕ್ಕಳ ಡೇ ಕೇರ್ ಶುಲ್ಕವನ್ನು ಭರಿಸಲಾದ ತಾಯಂದಿರು ಉಳಿದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕೆಲಸದಲ್ಲಿದ್ದುದು ಕಂಡುಬಂದಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ ಐದು ಡಾಲರ್ ದರದ ಶಿಶುಪಾಲನೆ ಆರಂಭಿಸಿದ ಮೇಲೆ ತಾಯಂದಿರ ಉದ್ಯೋಗ ಏರಿತು, ಜೊತೆಗೆ ಅವಸರದಲ್ಲಿ ತೆರೆದ ಕೇಂದ್ರಗಳ ಗುಣಮಟ್ಟದ ಬಗ್ಗೆ, ಮಕ್ಕಳ ವರ್ತನೆಯ ಬಗ್ಗೆ ಅರ್ಥಶಾಸ್ತ್ರಜ್ಞರ ಎಚ್ಚರಿಕೆಯೂ ಬಂದಿತು. ಅಗ್ಗವಾದರೆ ಸಾಲದು, ಬಿಟ್ಟು ಹೋಗಲು ಧೈರ್ಯ ಬರಬೇಕು.

ಆ ಧೈರ್ಯ ಬಹುಮಟ್ಟಿಗೆ ನೋಡಿಕೊಳ್ಳುವವರ ಮೇಲೆ ನಿಂತಿದೆ, ಮತ್ತು ಭಾರತದ ವ್ಯವಸ್ಥೆ ಅತ್ಯಂತ ಜಿಪುಣತನ ತೋರಿರುವುದು ಅವರ ಸಂಬಳದಲ್ಲಿಯೇ. ಕೇಂದ್ರದ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಡಿ ಒಂದು ಕಾಲಕ್ಕೆ ಇಪ್ಪತ್ತು ಸಾವಿರ ದಾಟಿದ್ದ ಕೇಂದ್ರಗಳು ವೆಚ್ಚ ಹಂಚಿಕೆಯ ಬದಲಾವಣೆಗಳ ನಂತರ ತೀವ್ರವಾಗಿ ಇಳಿದವು; 2022ರಲ್ಲಿ ಅದು ‘ಪಾಲ್ನಾ’ ಎಂಬ ಹೊಸ ಹೆಸರಿನಲ್ಲಿ, 17,000 ಅಂಗನವಾಡಿಗಳಲ್ಲಿಯೇ ಶಿಶುಪಾಲನೆಯನ್ನೂ ನಡೆಸುವ ಗುರಿಯೊಡನೆ ಮರಳಿತು. ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಹುದ್ದೆ ಸರ್ಕಾರಿ ನಾಗರಿಕ ಹುದ್ದೆಯಲ್ಲವೆಂದು ಹೇಳಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಉಪದಾನದ, ಅಂದರೆ ಗ್ರಾಚ್ಯುಟಿಯ ಹಕ್ಕಿದೆ ಎಂದಿತು. ಒಬ್ಬ ಬಡ ಹೆಂಗಸಿನ ಕೂಲಿಯನ್ನು ಉಳಿಸಲು ಇನ್ನೊಬ್ಬ ಬಡ ಹೆಂಗಸನ್ನು ಅರೆ ಸಂಬಳಕ್ಕೆ ದುಡಿಸಿಕೊಂಡರೆ ಬಡತನ ಒಂದು ಮನೆಯಿಂದ ಪಕ್ಕದ ಮನೆಗೆ ಸರಿದಂತಾಗುತ್ತದೆಯಷ್ಟೆ.

ಆದ್ದರಿಂದ ಪ್ರಶ್ನೆ ಎಷ್ಟು ಕೇಂದ್ರಗಳು ಎಂಬುದಕ್ಕಿಂತ ಹೆಚ್ಚಾಗಿ ಎಲ್ಲಿ, ಎಷ್ಟು ಹೊತ್ತು, ಯಾರ ಖರ್ಚಿನಲ್ಲಿ ಎಂಬುದಾಗಿದೆ. ಮೊದಲೆರಡಕ್ಕೆ ಗಾರ್ಮೆಂಟ್ಸಿನ ಖಾಲಿ ತೊಟ್ಟಿಲುಗಳೂ ಕೂಸಿನ ಮನೆಯೂ ಉತ್ತರ ಸೂಚಿಸಿವೆ: ಗೇಟಿನೊಳಗಲ್ಲ, ಕಾರ್ಮಿಕರು ವಾಸಿಸುವ ಬಡಾವಣೆಯಲ್ಲಿ, ನಾಲ್ಕರವರೆಗಲ್ಲ, ಪಾಳಿ ಮುಗಿದು ತಾಯಿ ಬಸ್ಸಿಳಿಯುವವರೆಗೆ. ಮೂರನೆಯದಕ್ಕೆ 2020ರ ಕಾರ್ಮಿಕ ಸಂಹಿತೆಗಳಲ್ಲೊಂದಾದ ಸಾಮಾಜಿಕ ಭದ್ರತಾ ಸಂಹಿತೆ ಅರ್ಧ ಬಾಗಿಲು ತೆರೆದಿದೆ. ಹಲವು ಸಂಸ್ಥೆಗಳು ಹಣ ಒಟ್ಟುಗೂಡಿಸಿ ಸಾಮಾನ್ಯ ಶಿಶುಪಾಲನಾ ಕೇಂದ್ರ ನಡೆಸಬಹುದು, ಸರ್ಕಾರದ ಅಥವಾ ನಗರಸಭೆಯ ಕೇಂದ್ರವನ್ನು ಬಳಸಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಬಹುದು ಎಂದದ್ದು ಬೇಕು ಎಂದಾಗಬೇಕಾದರೆ ಹೆರಿಗೆ ರಜೆಗೆ ಇರುವಂಥ ಒಂದು ನಿಧಿ ಶಿಶುಪಾಲನೆಗೂ ಬೇಕಾಗುತ್ತದೆ. ಇಎಸ್‌ಐ ವಂತಿಗೆಯಲ್ಲಿ ಒಂದು ಸಣ್ಣ ಪಾಲು, ಕಟ್ಟಡ ವೆಚ್ಚದ ಮೇಲೆ ವಸೂಲಾಗುತ್ತಿರುವ ಸೆಸ್ಸಿನಿಂದ ಕಾಮಗಾರಿ ಕಾರ್ಮಿಕರ ಮಕ್ಕಳ ಪಾಲು, ಪಾಲ್ನಾದಡಿ ಬರುವ ಕೇಂದ್ರ ಮತ್ತು ರಾಜ್ಯಗಳ ಹಣ, ಇವು ಒಂದೇ ಲೆಕ್ಕಕ್ಕೆ ಸೇರಿದರೆ ತಾಯಿ ಯಾವ ಮಾಲೀಕನ ಬಳಿ ದುಡಿಯುತ್ತಾಳೆ, ಅಥವಾ ಅವಳಿಗೆ ಮಾಲೀಕನೆಂಬವನು ಇದ್ದಾನೆಯೇ ಇಲ್ಲವೇ ಎಂದು ಕೇಳದೆ ಕೂಸನ್ನು ಒಳಗೆ ಕರೆದುಕೊಳ್ಳಬಲ್ಲ ಕೇಂದ್ರ ಸಾಧ್ಯ. ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿರುವ ಆ ಲೆಕ್ಕಗಳನ್ನು ಕೂಡಿಸುವ ಅಧಿಕಾರ ಯಾರಿಗೆ ಎಂಬುದನ್ನು ಮೊದಲು ತೀರ್ಮಾನಿಸಬೇಕಾಗಿದೆ.